ತುದಿಯವರೆಗೂ ಬೆಳಕು

ಬೈಲಹೊಂಗಲದ ಹಳೇ ಓಣಿಯೊಂದರಲ್ಲಿ ಬೆಳಗಿನ ಐದೂವರೆ. ಇನ್ನೂ ಬೆಳಕು ಹರಿದಿಲ್ಲ. ಮೌಲಾಬಿ ನದಾಫ ತಮ್ಮ ಅಂಗಡಿ ಕಟ್ಟೆಯ ಮೇಲೆ ನಿಂತು, ನೀಲಿಯಾಗಿ ಹೊಳೆಯುವ ಮೂರಡಿ ಕತ್ತಿಯೊಂದನ್ನು ಅಡ್ಡ ಹಿಡಿದಿದ್ದಾರೆ. ಇಪ್ಪತ್ತು ಹೆಜ್ಜೆ ಆಚೆ, ಹಾಲು ಮಾರುವ ದೇವಕ್ಕ ಕ್ಯಾನು ಕೆಳಗಿಟ್ಟು ಕಣ್ಣು ಕಿರಿದು ಮಾಡಿ ನೋಡುತ್ತಿದ್ದಾರೆ.

“ತುದಿ ಎಲ್ಲೈತಿ ಹೇಳ ದೇವಕ್ಕಾ?”

“ಕಿಟಕಿ ಹತ್ರ ಮುಗದೈತಿ ನೋಡ ಬೇ.”

ಕತ್ತಿ ಕಿಟಕಿಯನ್ನು ದಾಟಿ ಇನ್ನೂ ನಾಲ್ಕು ಬೆರಳು ಮುಂದಿದೆ. ಮೌಲಾಬಿ ಒಳಗೆ ಹೋಗಿ ತುದಿ ಬಿಚ್ಚುತ್ತಾರೆ.

ಐವತ್ತೆರಡರ ಮೌಲಾಬಿ ಶಾಲೆಗಳ ಗ್ಯಾದರಿಂಗಿಗೆ, ಅಂದರೆ ವಾರ್ಷಿಕೋತ್ಸವಕ್ಕೆ, ಬೆಳಕಿನ ಕತ್ತಿ ಮಾಡಿಕೊಡುತ್ತಾರೆ. ಗಂಡ ಬುಡನಸಾಬ ಇದೇ ಅಂಗಡಿಯಲ್ಲಿ ಬ್ಯಾಟರಿ ಟಾರ್ಚು ರಿಪೇರಿ ಮಾಡುತ್ತಿದ್ದರು. ಮೊಬೈಲಿನಲ್ಲೇ ಬೆಳಕು ಬಂದ ಮೇಲೆ ರಿಪೇರಿಗೆ ಬರುವವರು ಕಡಿಮೆಯಾದರು. ಎಂಟು ವರ್ಷದ ಹಿಂದೆ ಬುಡನಸಾಬರೂ ತೀರಿಕೊಂಡರು. ಕತ್ತಿವರಸೆಯ ನೃತ್ಯಕ್ಕೆ ಹೊಳೆಯುವ ಕತ್ತಿ ಬೇಕೆಂದು ಸವದತ್ತಿ ಕಡೆಯ ಶಿಕ್ಷಕ ಸಂದೀಪ ಕೇಳಿದಾಗ, ಮೌಲಾಬಿ ಹಳೆಯ ಟಾರ್ಚನ್ನೇ ಹಿಡಿಕೆ ಮಾಡಿ, ಕೆಟ್ಟ ಎಲ್‌ಇಡಿ ಟ್ಯೂಬ್‌ಲೈಟಿನ ಹಾಲುಬಣ್ಣದ ಪ್ಲಾಸ್ಟಿಕ್ ಕೊಳವೆಯನ್ನು ಅದಕ್ಕೆ ಕೂರಿಸಿದರು. ಈಗ ಡಿಸೆಂಬರಿನಿಂದ ಫೆಬ್ರುವರಿವರೆಗೆ ದಿನಕ್ಕೆ ನಾಲ್ಕು ಕತ್ತಿ. ಕಿತ್ತೂರು, ರಾಮದುರ್ಗ, ಮುನವಳ್ಳಿಗೆ ಬಸ್ಸಿನಲ್ಲಿ ಹೋಗುತ್ತವೆ.

ಬೆಳಕು ಹಿಡಿಕೆಯಿಂದ ಮೇಲೇರುತ್ತದೆ. ಬುಡ ಪ್ರಖರ, ತುದಿ ಮಂಕು. ಮೊದಮೊದಲು ಅವರು ಅದನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ.

ಮೂರು ವರ್ಷದ ಹಿಂದೆ, ಜನವರಿಯ ಒಂದು ಗ್ಯಾದರಿಂಗಿನಲ್ಲಿ ವೇದಿಕೆಯ ದೀಪ ಆರಿಸಿ ಕತ್ತಿಗಳನ್ನಷ್ಟೇ ಉರಿಸಿದ್ದರು. ಎದುರಾಳಿಯ ಕತ್ತಿ ಎಲ್ಲಿ ಮುಗಿಯುತ್ತದೆಂದು ಆರನೇ ತರಗತಿಯ ಮಾಲಾಳಿಗೆ ಕಾಣಲಿಲ್ಲ. ಕತ್ತಲಾಗಿದ್ದ ತುದಿ ಹುಬ್ಬಿಗೆ ಬಡಿಯಿತು. ಮೂರು ಹೊಲಿಗೆ.

“ಕಣ್ಣಿಗೆ ಬಡದಿದ್ರ ಏನ್ ಮಾಡ್ತಿದ್ದೆ ನಾ?” ಎನ್ನುತ್ತಾರೆ ಮೌಲಾಬಿ. ಮರುದಿನವೇ ಮಾಲಾಳ ಮನೆಗೆ ಹೋಗಿದ್ದರು. ಅವಳ ತಾಯಿ ಮಂಜುಳಾ ಬೈಯಲಿಲ್ಲ, ಚಹಾ ಮಾಡಿಕೊಟ್ಟರು. “ಬೈದಿದ್ರ ನನಗ ಹಗುರ ಆಗತಿತ್ರಿ.”

ಹತ್ತು ತಿಂಗಳು ಒಂದೂ ಕತ್ತಿ ಮಾಡಲಿಲ್ಲ. ಆಮೇಲೆ ಒಂದು ದಿನ ಮಂಜುಳಾ ಮಗಳನ್ನು ಕರೆದುಕೊಂಡು ಅಂಗಡಿಗೇ ಬಂದರು. “ಆಂಟಿ, ಈ ಸಲಾನೂ ನಂದ ಪಾರ್ಟ್ ಐತ್ರಿ. ತುದಿ ಕಾಣೂ ಹಂಗ ಮಾಡ್ರಿ,” ಎಂದಳು ಮಾಲಾ.

ತುದಿಯ ಒಳಬದಿಗೆ ಕನ್ನಡಿ ಇಟ್ಟರೆ ಬೆಳಕು ಮರಳಿ ಕೊಳವೆಗೆ ಇಳಿಯುತ್ತದೆಂದು ಮೌಲಾಬಿಗೆ ಹೊಳೆಯಿತು. ಗಾಜಿನ ಕನ್ನಡಿ ಮೊದಲ ಏಟಿಗೇ ಒಡೆಯಿತು. ಸ್ಟೀಲ್ ಡಬ್ಬಿಯ ಮುಚ್ಚಳ ಭಾರ. ಬಡಿದರೆ ಮತ್ತೆ ಹೊಲಿಗೆಯೇ. ಬಿಸ್ಕಿಟ್ ಪೊಟ್ಟಣದ ಬೆಳ್ಳಿ ಹಾಳೆಯನ್ನು ಮುದ್ದೆ ಮಾಡಿ ತುರುಕಿದರೆ ತುದಿಯಲ್ಲೊಂದು ಚುಕ್ಕೆ ಉರಿಯುತ್ತಿತ್ತು, ನಡು ಕಪ್ಪಾಗಿಯೇ ಉಳಿಯುತ್ತಿತ್ತು. ಹಳೆಯ ಸಿಡಿ ಕತ್ತರಿಸಿ ಕೂರಿಸಿದರು. ವಾರದಲ್ಲಿ ಹೊಳಪು ಸಿಪ್ಪೆಯಂತೆ ಎದ್ದಿತು. ಕೊನೆಗೆ ಚಿಪ್ಸ್ ಪೊಟ್ಟಣದ ಒಳಬದಿಯ ನುಣುಪು ಹಾಳೆಯನ್ನು, ಹವಾಯಿ ಚಪ್ಪಲಿಯಿಂದ ಕೊರೆದ ತೆಳು ರಬ್ಬರ್ ಬಿಲ್ಲೆಗೆ ಅಂಟಿಸಿದರು. ರಬ್ಬರ್ ಮೆತ್ತಗೆ, ಹಾಳೆ ಹಗುರ. ಬೆಳಕು ಬುಡದಿಂದ ತುದಿಯವರೆಗೆ ಒಂದೇ ಸಮ ಬಂತು.

“ಸುಕ್ಕು ಬರಬಾರದ್ರಿ. ಒಂದ ಸುಕ್ಕು ಬಂದ್ರೂ ಬೆಳಕ ಸೊಟ್ಟ ಹೊಕ್ಕೈತಿ,” ಎಂದು ಚಮಚದ ಬೆನ್ನಿನಿಂದ ಹಾಳೆಯನ್ನು ತೀಡುತ್ತಾರೆ. ಇವತ್ತಿನ ಕತ್ತಿಯಲ್ಲೂ ಇದ್ದದ್ದು ಅದೇ, ಅಂಚಿನಲ್ಲೊಂದು ಸುಕ್ಕು. ಹೊಸ ಬಿಲ್ಲೆ ಕೂರಿಸಿ ಹೊರಬಂದಾಗ ದೇವಕ್ಕ ಅವಸರ ಮಾಡುತ್ತಿದ್ದಾರೆ. ಈ ಸಲ ಅವರ ಬೆರಳು ಸರಿಯಾಗಿ ತುದಿಗೇ ಹೋಗುತ್ತದೆ.

ಎರಡು ವರ್ಷದ ಹಿಂದೆ, ಹೊಳೆವ ತುದಿಯ ಕತ್ತಿ ಹಿಡಿದು ಮಾಲಾ ಕುಣಿಯುವಾಗ ಮೌಲಾಬಿ ಮೊದಲ ಬಾರಿಗೆ ಗ್ಯಾದರಿಂಗ್ ನೋಡಲು ಹೋದರು. ಹೆಣ್ಣುಮಕ್ಕಳ ಹಿಂದೆ ನಿಂತು, ಕತ್ತಿವರಸೆ ಮುಗಿಯುವವರೆಗೂ ಸೆರಗು ಬಾಯಿಗೆ ಹಿಡಿದಿದ್ದರಂತೆ. ಯಾರಿಗೂ ಏನೂ ಆಗಲಿಲ್ಲ. ಜನ ಚಪ್ಪಾಳೆ ತಟ್ಟಿದರು. ಮೌಲಾಬಿ ಬಸ್ಸು ಹಿಡಿದು ಮನೆಗೆ ಬಂದರು.

ವೇದಿಕೆಯಲ್ಲಿ ನಿಮ್ಮ ಹೆಸರು ಹೇಳುವುದಿಲ್ಲವೇ ಎಂದು ನಾನು ಕೇಳಿದೆ. ಅವರು ಚಮಚ ಒರೆಸಿಟ್ಟರು.

“ಕತ್ತಿ ಯಾರ ಮಾಡ್ಯಾರಂತ ಮಂದಿ ಯಾವಾಗ ಕೇಳ್ತಾರ್ರಿ? ಯಾರಿಗರೆ ಪೆಟ್ಟಾದಾಗ. ಎರಡು ವರ್ಷ ಆತು, ಯಾರೂ ಕೇಳಿಲ್ಲ.”