ಮೆನ್ನೊನೈಟರ ಮಾರಾಟದಲ್ಲಿ ಹಸಿದ ಕೌದಿ

ಮಕ್ಕಳೇ, ನಾನು ಸಮುದ್ರ ದಾಟಿ ನಿಮ್ಮ ಮನೆಗೆ ಬಂದ ಮೊದಲ ಬೇಸಿಗೆಯಲ್ಲಿ ನಿಮ್ಮಪ್ಪ ಎಲ್ಲರನ್ನೂ ಕಾರಿನಲ್ಲಿ ಕೂರಿಸಿಕೊಂಡು ನಿಮ್ಮೂರು ನೇಸ್‌ನಿಂದ ಹೊರಟು, ಕಿಲ್ಕೆನ್ನಿ ದಾಟಿ ಒಂದು ಹಳ್ಳಿಗೆ ಕರೆದೊಯ್ದರು. ಮೆನ್ನೊನೈಟ್ ಎಂಬ ಕ್ರೈಸ್ತ ಪಂಗಡದವರು ಬಡವರ ಸಹಾಯಕ್ಕೆಂದು ಅಲ್ಲಿ ಮಾರಾಟ ಇಟ್ಟಿದ್ದರು. ಅವರೇ ಬೇಯಿಸಿದ ಬ್ರೆಡ್ಡು, ಜಾಮು, ಮರದ ಆಟಿಕೆ, ಹರಾಜಿಗೆ ಕ್ವಿಲ್ಟುಗಳು. ಹೆಂಗಸರು ತಲೆಗೆ ಬಿಳಿ ಬಟ್ಟೆ ಕಟ್ಟಿಕೊಂಡು ಓಡಾಡುತ್ತಿದ್ದರು. ನನಗೆ ಇಂಗ್ಲಿಷ್ ಬಾರದು. ನಿಮ್ಮಮ್ಮನ ಬೆನ್ನಿಗೆ ಅಂಟಿಕೊಂಡೇ ನಡೆದೆ.

ಒಂದು ಮೂಲೆಯಲ್ಲಿ ಮರದ ಚೌಕಟ್ಟಿಗೆ ಬಿಗಿದ ಕ್ವಿಲ್ಟು ಇತ್ತು. ನಮ್ಮ ಕೌದಿಯ ಹಾಗೆಯೇ, ತುಂಡು ಬಟ್ಟೆ ಜೋಡಿಸಿದ್ದು. ಬಂದವರು ಯಾರಾದರೂ ಕುಳಿತು ನಾಲ್ಕು ಹೊಲಿಗೆ ಹಾಕಬಹುದಿತ್ತು. ನಿಮ್ಮಲ್ಲಿ ದೊಡ್ಡವಳು ಓಡಿಹೋಗಿ, ನನ್ನ ವಯಸ್ಸಿನ ಒಬ್ಬ ಮುದುಕಿಯ ಪಕ್ಕ ಕುಳಿತಳು. ಆಕೆ ಇವಳ ಬೆರಳು ಹಿಡಿದು ಸೂಜಿ ನಡೆಸಿದಳು. ಎಷ್ಟು ಹೊತ್ತಾದರೂ ಹುಡುಗಿ ಏಳಲಿಲ್ಲ.

ಊರಿಂದ ಬಂದಾಗಿನಿಂದ ನಾನು ಅವಳಿಗೆಂದೇ ಒಂದು ಕೌದಿ ಹೊಲಿಯುತ್ತಿದ್ದೆ. ನನ್ನ ಹಳೆಯ ಸೀರೆಗಳು, ನಿಮ್ಮಜ್ಜನ ಧೋತರ. ಪಕ್ಕ ಕೂತುಕೋ ಬಾ ಎಂದರೆ “ಆಮೇಲೆ ಅಜ್ಜಿ” ಎಂದು ಫೋನು ನೋಡುತ್ತಿದ್ದಳು. ಇಲ್ಲಿ ಗುರುತಿಲ್ಲದ ಮುದುಕಿಯ ತೋಳಿಗೆ ಒರಗಿ ಕುಳಿತಿದ್ದಾಳೆ! ನನಗೆ ಮೈಯೆಲ್ಲ ಉರಿಯಿತು. ಆಕೆಯ ಹೊಲಿಗೆಯಲ್ಲಿ ತಪ್ಪು ಹುಡುಕಿದೆ. ಒಂದೂ ಸಿಗಲಿಲ್ಲ. ಅದಕ್ಕೆ ಇನ್ನಷ್ಟು ಉರಿಯಿತು.

“ನೋಡಿ ಅಜ್ಜಿ, ಎಷ್ಟ್ ಗ್ರ್ಯಾಂಡ್ ಆಗಿದೆ!”

“ಇರಲಿ. ಇದರ ಹೊಟ್ಟಿ ತುಂಬಿಸ್ಯಾರೇನು ಕೇಳು.”

“ಹೊಟ್ಟೆನಾ?”

“ನಮ್ಮ ಕಡೆ ಕೌದಿ ಮುಗಿಸೂ ಮುಂದ ಒಂದ್ ಚೂರು ರೊಟ್ಟಿ ಒಳಗಿಟ್ಟು ಹೊಲಿತೀವಿ. ಇದು ಹಸದೈತಿ. ಇದನ್ನ ಹೊದ್ದವರಿಗೆ ನಿದ್ದಿ ಹೆಂಗ ಬರತೈತಿ?”

“ಸುಮ್ನಿರಮ್ಮ, ರೊಟ್ಟಿ ಇಟ್ರೆ ಇಲಿ ಬರುತ್ತೆ ಅಂತಾರೆ ಇಲ್ಲಿಯವ್ರು,” ಎಂದು ನಿಮ್ಮಮ್ಮ ನಕ್ಕಳು.

ಅಷ್ಟರಲ್ಲಿ ಹುಡುಗಿ ಎಲ್ಲವನ್ನೂ ಆ ಮುದುಕಿಗೆ ಇಂಗ್ಲಿಷಿನಲ್ಲಿ ಹೇಳಿಬಿಟ್ಟಿದ್ದಳು. ಆಕೆಯನ್ನು ತಗ್ಗಿಸಲೆಂದು ನಾನು ಆಡಿದ ಮಾತು. ಆಕೆಯೋ ಚಪ್ಪಾಳೆ ತಟ್ಟಿ ನಕ್ಕು, ಬ್ರೆಡ್ಡಿನ ಚೂರು ತರಿಸಿದಳು. ನನ್ನದೆಂದು ಉಳಿದದ್ದು ಈ ಪದ್ಧತಿಯೊಂದು. ಇದೂ ಆಕೆಯ ಪಾಲಾಯಿತಲ್ಲ ಎಂದುಕೊಂಡೆ.

ಆದರೆ ಚೂರನ್ನು ಎಲ್ಲಿಡಬೇಕೆಂದು ಆಕೆಗೆ ತಿಳಿಯಲಿಲ್ಲ. ಹುಡುಗಿ ಆಕೆಯ ಮುಖ ನೋಡಿದಳು, ಆಮೇಲೆ ನನ್ನ ಕಡೆ ತಿರುಗಿದಳು.

“ಅಜ್ಜಿ, ನೀವೇ ಬನ್ನಿ. ಇವ್ರಿಗೆ ಗೊತ್ತಿಲ್ಲ.”

ಸುತ್ತ ಜನ ನೋಡುತ್ತಿದ್ದರು. ನಾಚಿಕೆಯಿಂದ ಸೆರಗು ಹೊದ್ದು ಹುಡುಗಿಯ ಇನ್ನೊಂದು ಪಕ್ಕ ಕುಳಿತೆ. ಕ್ವಿಲ್ಟಿನ ಒಂದು ಅಂಚು ಇನ್ನೂ ಮುಚ್ಚಿರಲಿಲ್ಲ. ಚೂರನ್ನು ಪುಡಿ ಮಾಡಿ ಬಟ್ಟೆ ಹತ್ತಿಗಳ ನಡುವೆ ತೂರಿಸಿ, ಹುಡುಗಿಯ ಬೆರಳು ಹಿಡಿದು ಸುತ್ತ ಹೊಲಿಸಿದೆ. ಮುದುಕಿ ಏನೋ ಕೇಳಿದಳು.

“ಯಾರ ಹತ್ರ ಕಲಿತ್ರಿ ಅಂತ ಕೇಳ್ತಿದಾರೆ ಅಜ್ಜಿ.”

“ನಮ್ಮವ್ವನ ಹತ್ರ ಅಂತ ಹೇಳು.”

ತಾನೂ ಹಾಗೆಯೇ ಎಂಬಂತೆ ಆಕೆ ಎದೆ ಮುಟ್ಟಿಕೊಂಡಳು. ಒಳ್ಳೆಯ ಹೆಂಗಸು. ಆಕೆಯನ್ನು ನಾನು ಮೆಚ್ಚಬೇಕಿತ್ತು. ಆದರೆ ಹುಡುಗಿಯ ಮೊಣಕೈ ಇನ್ನೂ ಆಕೆಗೇ ತಾಗಿತ್ತು. ಯಾರೂ ನೋಡದಂತೆ ಕಾಲಿನಿಂದ ಇವಳ ಸ್ಟೂಲನ್ನು ನನ್ನ ಕಡೆಗೆ ಎಳೆದುಕೊಂಡೆ.