ಭಾನುವಾರದ ಸಹಿ

ಇನ್ನೊಬ್ಬರ ಸಹಿ ಹಾಕುವುದರಲ್ಲಿ ನನ್ನ ಕೈ ಪಳಗಿದೆ. ಹೆಮ್ಮೆಪಟ್ಟು ಹೇಳಿಕೊಳ್ಳುವ ವಿದ್ಯೆಯಲ್ಲ ಇದು. ಆದರೆ ಗ್ರಾಮ ಪಂಚಾಯಿತಿಯ ಲೈಬ್ರರಿಯಲ್ಲಿ ಹದಿನಾಲ್ಕು ವರ್ಷ ಮೇಲ್ವಿಚಾರಕಿಯಾಗಿ ಕೂತವಳು ನಾನು. ಕಲಿತದ್ದನ್ನು ಕಲಿತೇ ಇಲ್ಲ ಎಂದರೆ ದೇವರು ಮೆಚ್ಚುವುದಿಲ್ಲ.

ದೊಡ್ಡಬಳ್ಳಾಪುರದಿಂದ ಘಾಟಿಯ ಕಡೆಗೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗಿರುವ ಊರಿನಲ್ಲಿ ನಮ್ಮ ಲೈಬ್ರರಿ ಇದೆ. ಒಂದು ಪಕ್ಕಕ್ಕೆ ಹಾಲಿನ ಡೇರಿ, ಇನ್ನೊಂದು ಪಕ್ಕಕ್ಕೆ ಹಿಟ್ಟಿನ ಮಿಷನ್ನು. ನಾಲ್ಕು ಬೀರು, ಒಂದು ಮೇಜು, ಆರು ಪ್ಲಾಸ್ಟಿಕ್ ಕುರ್ಚಿ. ಮೇಜಿನ ಮೇಲೆ ಓದುಗರ ಹಾಜರಿ ಪುಸ್ತಕ. ಬಂದವರು ಹೆಸರು, ಊರು, ಬಂದ ಹೊತ್ತು ಬರೆದು ಸಹಿ ಹಾಕಬೇಕು. ತಿಂಗಳ ಕೊನೆಗೆ ಆ ಸಹಿಗಳ ಲೆಕ್ಕವನ್ನು ನಾನು ಮೇಲಕ್ಕೆ ಕಳಿಸಬೇಕು. ಲೆಕ್ಕ ಇಳಿದರೆ ಫೋನು ಬರುತ್ತದೆ. ಜನವೇ ಬರದಿದ್ದ ಮೇಲೆ ನಿಮಗೆ ರೂಮು ಯಾಕೆ ಎಂದು ಕೇಳುತ್ತಾರೆ. ಆ ರೂಮಿನ ಮೇಲೆ ಆಗಲೇ ಇಬ್ಬರು ಪಂಚಾಯಿತಿ ಮೆಂಬರುಗಳ ಕಣ್ಣಿತ್ತು. ಬೆಳಿಗ್ಗೆ ಪೇಪರು ಓದಲು ಬರುವ ನಾಲ್ಕು ಜನ ಹಿರಿಯರನ್ನು ಸಹಿ ಹಾಕಿ ಎಂದು ಕೇಳಿದರೆ, ಪೇಪರು ಓದೋಕೂ ಸೈನ್ ಹಾಕ್ಬೇಕಾ ಎಂದು ನನ್ನ ಮೇಲೇ ರೇಗುತ್ತಿದ್ದರು. ನಾನು ಯಾರನ್ನು ಹೊತ್ತು ತರಲಿ?

ಪಕ್ಕದ ಪಂಚಾಯಿತಿಯ ಲೈಬ್ರರಿ ನೋಡಿಕೊಳ್ಳುವವರನ್ನು ನಾನು ಅಣ್ಣ ಎಂದೇ ಕರೆಯುತ್ತೇನೆ. ನನಗಿಂತ ಹತ್ತು ವರ್ಷ ಹಿರಿಯರು. ದಾರಿ ತೋರಿಸಿಕೊಟ್ಟವರು ಅವರೇ. ಹುಟ್ಟಿಸಿಕೊಂಡ ಹೆಸರು ಬರೆಯಬೇಡ, ವಿಚಾರಿಸಿದರೆ ಸಿಕ್ಕಿಬೀಳುತ್ತೀಯ. ಯಾವಾಗಲಾದರೂ ನಿಜವಾಗಿ ಬಂದವರ ಹೆಸರನ್ನೇ ಬರೆ. ಒಂದೇ ಪೆನ್ನಿನಲ್ಲಿ, ಒಂದೇ ಸಲಕ್ಕೆ ಕೂತು ಬರೆಯಬೇಡ. ಮೊದಲು ದಿನಕ್ಕೆ ಎರಡು ಸಹಿ ಹಾಕಿದೆ. ಆಮೇಲೆ ಐದಾಯಿತು, ಎಂಟಾಯಿತು. ಬರಬರುತ್ತಾ ಬೆಳಗಿನ ಕಸ ಗುಡಿಸಿದ ಹಾಗೆ ಅದೂ ಒಂದು ಕೆಲಸವಾಗಿ ಹೋಯಿತು.

ಆ ಹುಡುಗಿ ಮಾತ್ರ ನಿಜವಾಗಿ ಬರುತ್ತಿದ್ದವಳು. ಎರಡು ಮೈಲಿ ಆಚೆಯ ಹಳ್ಳಿ, ಇಪ್ಪತ್ತೆರಡೋ ಇಪ್ಪತ್ಮೂರೋ ವಯಸ್ಸು, ವಾರವೆಲ್ಲಾ ಗಾರ್ಮೆಂಟ್ಸಿನಲ್ಲಿ ದುಡಿತ. ಭಾನುವಾರ ರಾಗಿ ಬೀಸಿಸಲು ನಮ್ಮೂರಿಗೆ ಬರುತ್ತಿದ್ದಳು. ಚೀಲವನ್ನು ಮಿಷನ್ನಿನವನ ಸಾಲಿನಲ್ಲಿಟ್ಟು ನೇರ ನನ್ನ ಹತ್ತಿರ. ಪುಸ್ತಕ ಮುಟ್ಟುವ ಮೊದಲು ಎರಡೂ ಕೈಯನ್ನು ವೇಲಿಗೆ ಒರೆಸಿಕೊಳ್ಳುವಳು. ನಮ್ಮಲ್ಲಿದ್ದ ದಪ್ಪ ದಪ್ಪ ಸಾಮಾಜಿಕ ಕಾದಂಬರಿಗಳನ್ನು ವಾರಕ್ಕೆ ಮೂವತ್ತು ನಲವತ್ತು ಪುಟದಂತೆ ಓದುತ್ತಿದ್ದಳು. ಎಲ್ಲಿಗೆ ನಿಲ್ಲಿಸಿದ್ದೆ ಎನ್ನುವುದು ಅವಳ ಬಾಯಲ್ಲೇ ಇರುತ್ತಿತ್ತು. ಮನೆಗೆ ತೆಗೆದುಕೊಂಡು ಹೋಗೇ ಎಂದರೆ ಒಪ್ಪುತ್ತಿರಲಿಲ್ಲ. ಪುಸ್ತಕ ಹಿಡಿದರೆ ಅಮ್ಮ ಬೈಯುತ್ತಾರೆ, ತಡವಾಗಿದ್ದಕ್ಕೆ ಮಿಷನ್ನಿನಲ್ಲಿ ರಶ್ಶು ಎಂದು ಹೇಳುತ್ತೇನೆ ಎನ್ನುತ್ತಿದ್ದಳು. ಅಷ್ಟು ವರ್ಷದಲ್ಲಿ ನಾನು ಲೈಬ್ರರಿ ನಡೆಸುತ್ತಿದ್ದೇನೆ ಎಂದು ನನಗೆ ಅನ್ನಿಸಿದ್ದು ಅವಳೊಬ್ಬಳಿಂದಲೇ.

ಅವಳ ಸಹಿ ಚೆನ್ನಾಗಿತ್ತು. ಹೆಸರಿನ ಕೊನೆಯ ಅಕ್ಷರದ ಬಾಲವನ್ನು ಹಿಂದಕ್ಕೆಳೆದು ಇಡೀ ಹೆಸರಿನ ಕೆಳಗೆ ಗೆರೆಯ ಹಾಗೆ ಹಾಯಿಸಿ ಎರಡು ಚುಕ್ಕೆ ಇಡುತ್ತಿದ್ದಳು. ಗಾರ್ಮೆಂಟ್ಸಿನಲ್ಲಿ ಓವರ್‌ಟೈಮ್ ಬಿದ್ದು ಅವಳು ಬರಲಾಗದ ಭಾನುವಾರಗಳಲ್ಲಿ ಅವಳ ಸಹಿಯನ್ನೂ ನಾನೇ ಹಾಕಿದೆ. ಒಮ್ಮೆ ಅವಳಿಗೇ ಹೇಳಿದೆ. ಪುಟ ತಿರುಗಿಸಿ ನೋಡಿ ನಕ್ಕಳು. ನನ್ನ ಥರಾನೇ ಇದೆ ಮೇಡಂ, ಯಾವುದು ನಂದು ಅಂತ ನಂಗೇ ಗೊತ್ತಾಗ್ತಿಲ್ಲ ಅಂದಳು. ನನಗೂ ಖುಷಿಯಾಗಿತ್ತು, ಸುಳ್ಳು ಯಾಕೆ ಹೇಳಲಿ.

ಆಮೇಲೆ ಅವಳು ಬರುವುದು ನಿಂತಿತು. ಒಂದು ವಾರ ನೋಡಿದೆ, ಎರಡು ವಾರ ನೋಡಿದೆ. ಮದುವೆಯಾಗಿರಬೇಕು ಎಂದುಕೊಂಡೆ. ಬರುತ್ತಿದ್ದ ಹೆಣ್ಣುಮಕ್ಕಳೆಲ್ಲ ಹಾಗೇ ತಾನೇ ನಿಂತದ್ದು. ಮಿಷನ್ನಿನವನನ್ನು ಒಂದು ಮಾತು ಕೇಳಬಹುದಿತ್ತು, ಕೇಳಲಿಲ್ಲ. ನಾನು ದೊಡ್ಡಬಳ್ಳಾಪುರದಿಂದ ಬಸ್ಸಿನಲ್ಲಿ ಬಂದು ಸಂಜೆ ಬಸ್ಸಿಗೇ ಓಡುವವಳು, ಆ ಕಡೆಯ ಹಳ್ಳಿಗಳ ಸುದ್ದಿ ನನ್ನವರೆಗೆ ಬರುವುದಿಲ್ಲ. ಆದರೆ ಅವಳ ಸಹಿಯನ್ನು ನಿಲ್ಲಿಸಲಿಲ್ಲ. ಬೇರೆಯವರ ಹೆಸರನ್ನು ಅದಲುಬದಲು ಮಾಡುತ್ತಿದ್ದೆ. ಭಾನುವಾರ ಬಂತೆಂದರೆ ಮಾತ್ರ ಅವಳ ಹೆಸರು ತಾನಾಗಿ ಕೈಗೆ ಬರುತ್ತಿತ್ತು. ಹೀಗೆ ಎರಡು ವರ್ಷದ ಮೇಲಾಯಿತು. ಇದರಿಂದ ಯಾರ ಗಂಟೇನು ಹೋಗುತ್ತದೆ ಎಂದುಕೊಂಡಿದ್ದೆ.

ಕಳೆದ ಚಳಿಗಾಲದಲ್ಲಿ ದೊಡ್ಡಬಳ್ಳಾಪುರದಲ್ಲಿ ಪುಸ್ತಕ ಹಬ್ಬ ಮಾಡಿದರು. ಊರಿನ ಮೇಷ್ಟ್ರುಗಳು, ರಿಟೈರಾದವರು, ಪುಸ್ತಕದಂಗಡಿಯವರು ಸೇರಿ ಹಮ್ಮಿಕೊಂಡದ್ದು. ಸ್ಕೂಲಿನ ಮೈದಾನದಲ್ಲಿ ಶಾಮಿಯಾನ, ಮೂರು ದಿನದ ಕಾರ್ಯಕ್ರಮ. ತಾಲ್ಲೂಕಿನ ಲೈಬ್ರರಿಯವರಿಗೆಲ್ಲ ಒಂದು ಸಾಲು ಮಳಿಗೆ ಕೊಟ್ಟಿದ್ದರು. ಒಳ್ಳೆಯ ಪುಸ್ತಕಗಳನ್ನೂ ಮೂರು ವರ್ಷದ ಹಾಜರಿ ಪುಸ್ತಕಗಳನ್ನೂ ತಂದಿಡಬೇಕು, ಹಳ್ಳಿಯಲ್ಲಿ ಎಷ್ಟು ಜನ ಓದುತ್ತಾರೆಂದು ಬಂದ ಅತಿಥಿಗಳಿಗೆ ಕಾಣಬೇಕು ಎಂದು ಹೇಳಿದ್ದರು. ಪ್ರತಿ ಲೈಬ್ರರಿಯಿಂದ ಮೂವತ್ತು ವರ್ಷದೊಳಗಿನ ಒಬ್ಬ ಉತ್ತಮ ಓದುಗರಿಗೆ ವೇದಿಕೆಯ ಮೇಲೆ ಸನ್ಮಾನವೂ ಇತ್ತು. ಅದಕ್ಕೆಂದು ಪಂಚಾಯಿತಿಯಲ್ಲಿ ಕಂಪ್ಯೂಟರ್ ಮುಂದೆ ಕೂರುವವರು ನನ್ನ ಹಾಜರಿ ಪುಸ್ತಕಗಳ ಫೋಟೋ ಹೊಡೆದುಕೊಂಡು ಹೋಗಿದ್ದರು. ಯಾರನ್ನು ಆರಿಸಿದರೆಂದು ನನಗೆ ಹೇಳಲಿಲ್ಲ. ಪುಸ್ತಕ ಕಟ್ಟುವುದು, ಬ್ಯಾನರ್ ಬರೆಸುವುದು ಎಂದು ಎರಡು ದಿನ ಮೊದಲೇ ನಾನು ಮೈದಾನ ಸೇರಿದ್ದೆ, ಕೇಳಲು ಪುರುಸೊತ್ತೂ ಇರಲಿಲ್ಲ.

ಎರಡನೆಯ ದಿನ ಬೆಳಿಗ್ಗೆ ಸನ್ಮಾನ. ನಮ್ಮ ಮಳಿಗೆಯ ಮುಂದೆ ಒಬ್ಬರೂ ಇರಲಿಲ್ಲ. ಬಂದವರೆಲ್ಲ ಅರ್ಧ ಬೆಲೆಗೆ ಪುಸ್ತಕ ಮಾರುವ ಕಡೆ ಅಥವಾ ಚುರುಮುರಿಯ ಕಡೆ. ನಾನು ಅಣ್ಣನ ಜೊತೆ ಟೀ ಕುಡಿಯುತ್ತಿದ್ದೆ. ಮೈಕಿನಲ್ಲಿ ನಮ್ಮ ಪಂಚಾಯಿತಿಯ ಹೆಸರು, ಅದರ ಹಿಂದೆಯೇ ಆ ಹುಡುಗಿಯ ಹೆಸರು ಕೂಗಿದರು. ನಾನು ಟೀ ಲೋಟ ಕೆಳಗಿಟ್ಟು ವೇದಿಕೆಯ ಕಡೆ ತಿರುಗಿದೆ. ಅವಳ ಬದಲಿಗೆ ಐವತ್ತರ ಆಸುಪಾಸಿನ ಒಬ್ಬ ಹೆಂಗಸು ಸೆರಗು ಹೊದ್ದುಕೊಂಡು ಮೆಟ್ಟಿಲು ಹತ್ತಿದರು. ಮಗಳ ಪರವಾಗಿ ತಾಯಿ ಬಂದಿದ್ದಾರೆ ಎಂದರು ಮೈಕಿನವರು. ಸದ್ಯ ಬದುಕಿದೆ, ಹುಡುಗಿ ಬಂದಿಲ್ಲ ಎಂದು ನಾನು ಉಸಿರು ಬಿಟ್ಟೆ. ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು, ಫೋಟೋ ತೆಗೆದರು. ಆ ತಾಯಿ ಕ್ಯಾಮೆರಾ ನೋಡುತ್ತಿರಲಿಲ್ಲ. ಕೆಳಗೆ ಕೂತವರನ್ನು ಒಂದು ಕಡೆಯಿಂದ ಒಬ್ಬೊಬ್ಬರನ್ನಾಗಿ ನೋಡುತ್ತಿದ್ದರು.

ಸ್ವಲ್ಪ ಹೊತ್ತಿಗೆ ಕೇಳಿಕೊಂಡು ನಮ್ಮ ಮಳಿಗೆಗೇ ಬಂದರು. ಲೈಬ್ರರಿ ಮೇಡಂ ನೀವೇನಾ ಎಂದು ಕೇಳಿ, ನಾನು ಹೌದು ಎನ್ನುವುದರೊಳಗೆ ದನಿ ತಗ್ಗಿಸಿದರು.

"ಭಾನುವಾರ ಅವ್ಳು ಎಷ್ಟೊತ್ಗೆ ಬರ್ತಾಳೆ?"

ಯಾಕಮ್ಮ, ಮನೆಯಲ್ಲಿ ಹೇಳಿ ಬರುವುದಿಲ್ಲವೇ ಎಂದು ನಗುತ್ತಲೇ ಕೇಳಿದೆ. ಆ ನಗುವನ್ನು ನೆನೆದರೆ ಈಗಲೂ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ಅವರು ಪುಸ್ತಕದ ರಟ್ಟಿನ ಪೆಟ್ಟಿಗೆಯ ಮೇಲೆ ಕೂತು ಹೇಳಿದರು. ಎರಡು ವರ್ಷದ ಹಿಂದೆ, ಕಾರ್ತಿಕದ ಒಂದು ಗುರುವಾರ ಬೆಳಿಗ್ಗೆ ಕೆಲಸಕ್ಕೆಂದು ಮನೆ ಬಿಟ್ಟ ಮಗಳು ವಾಪಸು ಬಂದಿಲ್ಲ. ಹಿಂದಿನ ದಿನ ಒಂದು ಸಂಬಂಧದ ವಿಷಯಕ್ಕೆ ತಾಯಿ ಮಗಳಿಗೆ ಜಗಳವಾಗಿತ್ತು, ಬಾಯಿಗೆ ಬಂದದ್ದನ್ನು ಅಂದಿದ್ದರು. ಫೋನು ಅವತ್ತಿನಿಂದ ಬಂದ್. ಗಾರ್ಮೆಂಟ್ಸಿಗೂ ಹೋಗಿರಲಿಲ್ಲ. ಸ್ಟೇಷನ್ನಿನಲ್ಲಿ ಗುಟ್ಟಾಗಿ ಕಂಪ್ಲೇಂಟು ಕೊಟ್ಟರು, ಏನೂ ಗೊತ್ತಾಗಲಿಲ್ಲ. ಮರ್ಯಾದೆಗಂಜಿ ಊರಿನವರಿಗೆಲ್ಲ ನೆಲಮಂಗಲದ ಗೋಡೌನಿನಲ್ಲಿ ಕೆಲಸ ಸಿಕ್ಕಿದೆ, ಹಾಸ್ಟೆಲ್ಲಿನಲ್ಲಿದ್ದಾಳೆ ಎಂದರು. ಅಪ್ಪ ಅವಳ ಹೆಸರೆತ್ತಬೇಡ ಎಂದಿದ್ದಾನೆ. ನಾಲ್ಕು ದಿನದ ಕೆಳಗೆ ಊರಿಗೆ ನೀರು ಬಿಡುವ ವಾಟರ್‌ಮನ್ ಈ ಹಬ್ಬದ ಕಾಗದ ತಂದುಕೊಟ್ಟ. ನಿಮ್ಮ ಮಗಳು ವಾರ ತಪ್ಪದೆ ಲೈಬ್ರರಿಗೆ ಬರುತ್ತಾಳಂತೆ, ಹೋದ ಭಾನುವಾರವೂ ಬಂದಿದ್ದಳಂತೆ ಎಂದ. ಅವನ ಕೈಲಿ ಎರಡು ಸಲ ಓದಿಸಿಕೊಂಡರು. ಗಂಡನಿಗೆ ಹೇಳದೆ ಒಬ್ಬರೇ ಬಸ್ಸು ಹತ್ತಿದರು.

"ಬದುಕಿದ್ದಾಳೆ ಅಂತಾಯ್ತಲ್ವಾ ಮೇಡಂ? ಎರಡು ಮೈಲೀಲಿ ಬಂದು ಓದ್ಕೊಂಡು ಹೋಗ್ತಾವ್ಳೆ ಅಂದ್ರೆ, ಕೋಪ ಇದೆ ಅಷ್ಟೇ. ನಾನು ಮಾತಾಡ್ಸಲ್ಲ. ಭಾನುವಾರ ಮಿಷನ್ ಹತ್ರ ನಿಂತ್ಕೊಂಡು ದೂರದಿಂದ ನೋಡ್ತೀನಿ."

ನೀರು ತರುತ್ತೇನೆಂದು ಎದ್ದು ಮಳಿಗೆಯ ಹಿಂದೆ ಹೋದೆ. ಎಲ್ಲ ಕೇಳಿಸಿಕೊಂಡಿದ್ದ ಅಣ್ಣ ಹಿಂದೆಯೇ ಬಂದರು. ಇವತ್ತಿನ ಸುದ್ದಿ ಕೇಳಿ ಗಾಬರಿಯಾಗಿ ಹುಡುಗಿ ಬರುವುದು ಬಿಟ್ಟಳು ಎಂದು ಮುಂದಿನ ವಾರ ಹೇಳಿಬಿಡು ಎಂದರು.

"ಆ ತಾಯಿಗೊಂದು ಆಸೆ ಉಳಿಯುತ್ತೆ, ನಿಂಗೊಂದು ಕೆಲಸ ಉಳಿಯುತ್ತೆ. ಸುಮ್ನಿದ್ಬಿಡಮ್ಮ."

ಅದರಲ್ಲಿ ತಪ್ಪೇನಿದೆ ಎಂದು ನನಗೂ ಅನ್ನಿಸಿತು. ನನ್ನನ್ನು ದೊಡ್ಡ ಸತ್ಯವಂತೆ ಮಾಡಬೇಡಿ. ಕೆಲಸ ಹೋದರೆ ಮನೆ ನಡೆಯುವುದಿಲ್ಲ ಎಂಬ ಭಯವೂ ಇತ್ತು. ಆದರೆ ಆ ಹೆಂಗಸನ್ನು ಬಿಟ್ಟರೆ ಅವರು ಈ ವಾರ ಬರುತ್ತಾರೆ, ಮುಂದಿನ ವಾರವೂ ಬರುತ್ತಾರೆ, ಬಿಸಿಲೋ ಮಳೆಯೋ ಮಿಷನ್ನಿನ ಹತ್ತಿರ ನಿಂತು ನನ್ನ ಬಾಗಿಲು ನೋಡುತ್ತಾರೆ. ನಾನು ಒಳಗೆ ಕೂತು ಅದನ್ನು ನೋಡಬೇಕು. ನನಗೆ ಅದು ಆಗದು ಅನ್ನಿಸಿತು. ಧೈರ್ಯದಿಂದ ಹೇಳಿದ್ದಲ್ಲ, ಆ ಹೆದರಿಕೆಯಿಂದ ಹೇಳಿದ್ದು.

ನೀರಿನ ಲೋಟ ಕೈಗೆ ಕೊಟ್ಟು, ಅವರ ಪಕ್ಕ ಕೂತು ಹೇಳಿದೆ. ಅವಳು ಎರಡು ವರ್ಷದಿಂದ ಬಂದಿಲ್ಲ, ಆ ಸಹಿಗಳೆಲ್ಲ ನಾನು ಹಾಕಿದ್ದು, ಲೆಕ್ಕ ತುಂಬಿಸಲು ಹಾಕಿದ್ದು. ಅವರು ನನ್ನ ಮುಖವನ್ನೇ ನೋಡಿದರು. ಸಿಟ್ಟಾಗಲಿಲ್ಲ. ಏನೋ ಅರ್ಥವಾದವರ ಹಾಗೆ ನನ್ನ ಕೈ ಹಿಡಿದುಕೊಂಡರು.

"ಹೇಳ್ಬೇಡಿ ಅಂತ ಅವ್ಳೇ ಹೇಳಿದ್ದಾಳಲ್ವಾ? ಪರ್ವಾಗಿಲ್ಲ ಬಿಡಿ. ಅಮ್ಮ ಬೈಯಲ್ಲ ಅಂತ ಮಾತ್ರ ಹೇಳ್ಬಿಡಿ."

ನಾನು ಆಣೆ ಮಾಡಿದೆ, ಅವರು ನಂಬಲಿಲ್ಲ. ನನ್ನ ಮಕ್ಕಳ ಮೇಲೆ ಆಣೆ ಮಾಡಿದೆ, ತಲೆಯಾಡಿಸಿ ನಕ್ಕರು. ಎರಡು ವರ್ಷದ ಮೇಲೆ ಕೈಗೆ ಸಿಕ್ಕ ಮಗಳನ್ನು ಯಾರೋ ಲೈಬ್ರರಿಯವಳ ಮಾತಿಗೆ ಬಿಟ್ಟುಕೊಡುವ ತಾಯಿ ಎಲ್ಲಿದ್ದಾಳೆ? ಕೊನೆಗೆ ಹಬ್ಬದ ಕರಪತ್ರವೊಂದನ್ನು ಮಗುಚಿ ಹಾಕಿ, ಪೆನ್ನು ತೆಗೆದು, ಅವರ ಕಣ್ಣೆದುರಿಗೇ ಆ ಸಹಿ ಹಾಕಿದೆ. ಬಾಲ ಹಿಂದಕ್ಕೆಳೆದೆ, ಎರಡು ಚುಕ್ಕೆ ಇಟ್ಟೆ. ಆ ಸಲವೂ ಕೈ ತಪ್ಪಲಿಲ್ಲ, ಹಾಳಾದ ಕೈ.

ಅವರು ನನ್ನ ಕೈ ಬಿಟ್ಟರು. ಹೆಗಲ ಮೇಲಿನ ಶಾಲು ತೆಗೆದು ಪೆಟ್ಟಿಗೆಯ ಮೇಲಿಟ್ಟರು. ಈ ನಾಲ್ಕು ದಿನ ರಾತ್ರಿ ನಿದ್ದೆ ಬಂದಿತ್ತು ಎಂದರು, ನನಗೆ ಹೇಳಿದ ಹಾಗಿರಲಿಲ್ಲ. ನಾನು ಅತ್ತೆ. ಅವರು ಅಳಲಿಲ್ಲ. ಆಮೇಲೆ ಎರಡು ವರ್ಷದ ಹಿಂದಿನ ಹಾಜರಿ ಪುಸ್ತಕ ಇಲ್ಲಿದೆಯೇ ಎಂದು ಕೇಳಿದರು. ಅತಿಥಿಗಳಿಗೆಂದು ಜೋಡಿಸಿಟ್ಟಿದ್ದರಲ್ಲಿ ಅದೂ ಇತ್ತು. ಅತಿಥಿಗಳು ಯಾರೂ ಅದನ್ನು ಮುಟ್ಟಿರಲಿಲ್ಲ. ಕಾರ್ತಿಕದ ಪುಟ ತೆಗೆದುಕೊಟ್ಟೆ. ಅವರು ಬೆರಳಿಟ್ಟು ನಿಧಾನವಾಗಿ ತಾರೀಖು ಓದಿಕೊಂಡು ಕೆಳಗೆ ಬಂದರು. ಆ ಗುರುವಾರ ದಾಟಿ, ಶುಕ್ರವಾರ, ಶನಿವಾರ ದಾಟಿ, ಭಾನುವಾರದ ಮೇಲೆ ಬೆರಳು ನಿಲ್ಲಿಸಿದರು. ಅಲ್ಲಿ ಅವಳ ಸಹಿ ಇತ್ತು.

"ಮನೆ ಬಿಟ್ಟು ಮೂರು ದಿನಕ್ಕೆ ಇದು. ಇದು ಅವ್ಳಾ, ನೀವಾ?"

ಅವಳು ನಿಜವಾಗಿ ಬಂದ ಕೊನೆಯ ಭಾನುವಾರ ಯಾವುದು ಎಂದು ನಾನು ಅಲ್ಲಿಯವರೆಗೂ ಯೋಚಿಸಿಯೇ ಇರಲಿಲ್ಲ. ಪುಸ್ತಕವನ್ನು ಎತ್ತಿಕೊಂಡು ಶಾಮಿಯಾನದ ಅಂಚಿಗೆ, ಬಿಸಿಲಿಗೆ ಹೋದೆ. ಅದೇ ನೀಲಿ ಇಂಕು, ಮೇಜಿಗೆ ದಾರದಲ್ಲಿ ಕಟ್ಟಿದ್ದ ಪೆನ್ನಿನದು. ಬಂದ ಹೊತ್ತು ಹನ್ನೊಂದು ಗಂಟೆ. ಅವಳು ಬರೆಯುತ್ತಿದ್ದದ್ದೂ ಹನ್ನೊಂದು, ನಾನು ಬರೆಯುತ್ತಿದ್ದದ್ದೂ ಹನ್ನೊಂದು. ಅವಳು ಅವತ್ತು ಬಂದಿದ್ದಳು ಎಂದಾದರೆ ಮೂರು ದಿನದ ಮೇಲೂ ಬದುಕಿದ್ದಳು, ಇಲ್ಲೇ ಹತ್ತಿರದಲ್ಲಿದ್ದಳು, ಬೇಕೆಂದೇ ದೂರವಿದ್ದಳು. ಬಂದಿರಲಿಲ್ಲ ಎಂದಾದರೆ ಅದು ಯಾವುದೂ ಇಲ್ಲ. ಕಣ್ಣು ಮುಚ್ಚಿ ಆ ಭಾನುವಾರವನ್ನು ನೆನೆಯಲು ನೋಡಿದೆ. ಅವಳು ಕೈ ಒರೆಸಿಕೊಳ್ಳುವುದು ಕಂಡಿತು. ಅದು ಯಾವ ಭಾನುವಾರ ಬೇಕಾದರೂ ಆಗಬಹುದಿತ್ತು.

ಗೊತ್ತಾಗುತ್ತಿಲ್ಲಮ್ಮ ಎಂದೆ.

ಅವರು ಪುಸ್ತಕ ಮುಚ್ಚಲಿಲ್ಲ. ಅದರ ಮುಂದಿನ ಭಾನುವಾರ ತೋರಿಸಿ ಎಂದರು. ತೋರಿಸಿದೆ. ಅದೂ ನನಗೆ ಗೊತ್ತಾಗಲಿಲ್ಲ.