ಶೇಂಗಾ ಬಿಟ್ಟವಳ ಪಂಚಮಿ

ಹೊಸಪೇಟೆಯ ನಮ್ಮ ಮನೆಯ ಮಹಡಿ ಕೋಣೆಯನ್ನು ಹಂಪಿ ನೋಡಲು ಬರುವವರಿಗೆ ಬಾಡಿಗೆಗೆ ಕೊಡುತ್ತೇನೆ. ಬಂದವರಿಗೆ ನಮ್ಮ ರೀತಿ ರಿವಾಜು ಹೇಳಿಕೊಡುವುದೂ ನನ್ನದೇ ಕೆಲಸ. ಚಪ್ಪಲಿ ಎಲ್ಲಿ ಬಿಡಬೇಕು, ಯಾವ ಕೈಯಲ್ಲಿ ಉಣ್ಣಬೇಕು, ಹೊರಡುವಾಗ ‘ಹೋಗ್ತೀನಿ’ ಅನ್ನದೆ ‘ಬರ್ತೀನಿ’ ಅನ್ನಬೇಕು, ಇಂಥವು. ಆದರೆ ಊಟಕ್ಕೆ ಕೂತವರ ‘ಬೇಡ’ವನ್ನು ನಮ್ಮಲ್ಲಿ ಯಾರೂ ನಂಬುವುದಿಲ್ಲ ಎಂಬುದನ್ನು ಹೇಗೆ ಹೇಳಿಕೊಡಲಿ? ಬೇಡ ಅನ್ನುವುದು ಉಣ್ಣುವವರ ಮರ್ಯಾದೆ, ಕೇಳಿಸದವರಂತೆ ಬಡಿಸುವುದು ಬಡಿಸುವವರ ಮರ್ಯಾದೆ. ನಾನೂ ಹಾಗೆಯೇ ಬಡಿಸುವವಳು.

ಒಂದು ವರ್ಷ ಶ್ರಾವಣದಲ್ಲಿ ಯುರೋಪಿನ ಕಡೆಯಿಂದ ಒಬ್ಬ ಹುಡುಗಿ ಬಂದಿದ್ದಳು. ಬಂದ ದಿನವೇ ಚೀಲದಿಂದ ಒಂದು ಇಂಜೆಕ್ಷನ್ ತೆಗೆದು ತೋರಿಸಿ, ಶೇಂಗಾ ತನಗೆ ವಿಷ, ಒಂದು ಚೂರು ಒಳಗೆ ಹೋದರೂ ಗಂಟಲು ಬಿಗಿದು ಉಸಿರು ನಿಲ್ಲಬಹುದು, ಆಗ ತಕ್ಷಣ ಇದನ್ನು ಚುಚ್ಚಬೇಕು ಅಂದಳು. ನನಗೆ ಬೆವರೇ ಬಂತು. ನಮ್ಮ ಚಟ್ನಿಪುಡಿಯಲ್ಲಿ ಶೇಂಗಾ, ಎಣ್ಣೆಗಾಯಿಯಲ್ಲಿ ಶೇಂಗಾ, ಒಗ್ಗರಣೆ ಮಂಡಕ್ಕಿಯಲ್ಲಿ ಶೇಂಗಾ, ಕೊನೆಗೆ ಎಣ್ಣೆಯೂ ಶೇಂಗಾದ್ದೇ. ಅವಳ ಅಡುಗೆಯನ್ನು ಬೇರೆ ಪಾತ್ರೆಯಲ್ಲಿ ಮಾಡುತ್ತ ಹೇಗೋ ದಿನ ತಳ್ಳಿದೆ.

ಅಷ್ಟರಲ್ಲಿ ನಾಗರ ಪಂಚಮಿ ಬಂತು. ಕಂಪ್ಲಿ ಹತ್ತಿರದ ಎಮ್ಮಿಗನೂರಿನಲ್ಲಿರುವ ನನ್ನ ಅಕ್ಕ ಫೋನ್ ಮಾಡಿ, ‘ಆ ಹುಡುಗೀನೂ ಕರ್ಕೊಂಡು ಬಾ, ಜೋಕಾಲಿ ಆಡ್ಲಿ’ ಅಂದಳು. ಪಂಚಮಿ ಅಂದರೆ ಉಂಡೆಯ ಹಬ್ಬ, ಉಂಡೆ ಅಂದರೆ ಮೊದಲು ಶೇಂಗಾ ಉಂಡೆ. ಅಕ್ಕನಿಗೆ ಎಲ್ಲ ಬಿಡಿಸಿ ಹೇಳಿದೆ. ‘ಆತು ಬಿಡು, ಅಲರ್ಜಿ ತಾನ? ನನಗೂ ಬದ್ನಿಕಾಯಿ ತಿಂದ್ರ ಮೈ ತುರಿಸ್ತೈತಿ’ ಅಂದಳು. ಅಲ್ಲಿಗೇ ಪ್ರಯಾಣ ಕೈಬಿಡಬಹುದಿತ್ತು. ಆದರೆ ಜೋಕಾಲಿ ಅಂದ ಕೂಡಲೇ ಹುಡುಗಿ ತಯಾರಾಗಿ ನಿಂತಿದ್ದಳು. ಕಂಪ್ಲಿ ಬಸ್ಸು ಹತ್ತಿದೆವು.

ಅಕ್ಕನ ಮನೆಯ ಪಡಸಾಲೆಯಲ್ಲಿ ಕೂತು ನೀರು ಕುಡಿಯುವಷ್ಟರಲ್ಲಿ ಓಣಿಯ ಹೆಂಗಸರೆಲ್ಲ ಸೇರಿದರು. ಎಲ್ಲರ ಕೈಯಲ್ಲೂ ತಾಟು, ತಾಟಿನ ತುಂಬ ಉಂಡೆ. ಹುಡುಗಿ ನಾನು ಕಲಿಸಿದಂತೆ ಕೈ ಮುಗಿದು ‘ಬ್ಯಾಡ್ರಿ, ಬ್ಯಾಡ್ರಿ’ ಅಂದಳು. ಅವರಿಗೆ ಖುಷಿಯೋ ಖುಷಿ.

‘ಅಯ್ಯ, ನಮ್ಮಂಗ ನಾಚ್ಕೋತಾಳಲ್ಲ!’ ಎನ್ನುತ್ತ ಪಕ್ಕದ ಮನೆಯವಳು ಶೇಂಗಾ ಉಂಡೆ ಮುರಿದು, ಪ್ರೀತಿಯಿಂದ ಅವಳ ಬಾಯಿಗೇ ಒಯ್ದಳು. ನಾನು ಹಾರಿ ಆಕೆಯ ಕೈಗೆ ಹೊಡೆದೆ. ಉಂಡೆ ನೆಲಕ್ಕೆ ಬಿತ್ತು.

ಹಬ್ಬದ ದಿನ, ಮುತ್ತೈದೆ ಕೊಡುತ್ತಿದ್ದ ಉಂಡೆ! ಹೆಂಗಸರೆಲ್ಲ ನನ್ನತ್ತ ತಿರುಗಿದರು. ಡಾಕ್ಟರು, ಅಲರ್ಜಿ, ಉಸಿರು ಅಂತ ನಾನು ತೊದಲತೊಡಗಿದೆ. ‘ಒಂದು ತಿಂದ್ರ ಏನೂ ಆಗಂಗಿಲ್ಲ ಬಿಡ್ರಿ’ ಎಂದು ಇನ್ನೊಬ್ಬಳು ಆಗಲೇ ಮತ್ತೊಂದು ಉಂಡೆ ಎತ್ತಿಕೊಂಡಿದ್ದಳು. ಸಿಟ್ಟು ನೆತ್ತಿಗೇರಿತು.

‘ಆಕಿ ಶೇಂಗಾ ಬಿಟ್ಟಾಳ್ರೀ!’ ಅಂತ ಕೂಗಿಬಿಟ್ಟೆ.

ಬಿಟ್ಟಾಳ ಅಂದರೆ ದೇವರಿಗೆ ಹರಕೆ ಹೊತ್ತು ಆ ಪದಾರ್ಥವನ್ನೇ ತೊರೆದಿದ್ದಾಳೆ ಅಂತ. ನಮ್ಮಲ್ಲಿ ಡಾಕ್ಟರ ಮಾತು ಮೀರಿಸುವವರು ಬೇಕಾದಷ್ಟಿದ್ದಾರೆ, ಹರಕೆ ಮುರಿಸುವವರು ಮಾತ್ರ ಇಲ್ಲ. ಉಂಡೆ ಹಿಡಿದ ಕೈ ಅಲ್ಲೇ ನಿಂತಿತು. ಬಾಗಿಲ ಬಳಿ ಕೂತಿದ್ದ ಅಕ್ಕನ ಅತ್ತೆ, ಹಣೆ ತುಂಬ ವಿಭೂತಿ ಹಚ್ಚಿದ ಹಿರಿಯರು, ಎದ್ದು ನಿಂತರು.

‘ತಾಟು ಎಲ್ಲಾ ಹೊರಗ ಒಯ್ರಿ. ಕೈ ತೊಳ್ಕೊಂಡು ಬರ್ರಿ’ ಅಂದವರು ನನ್ನ ಕಡೆ ತಿರುಗಿದರು. ‘ಎಣ್ಣಿನೂ ಬಿಟ್ಟಾಳನು?’

‘ಎಣ್ಣಿನೂ ಬಿಟ್ಟಾಳ್ರಿ ಅತ್ತಿ.’

ಅಷ್ಟೇ ಸಾಕಾಯಿತು. ಉಂಡೆ ಬಿದ್ದ ಜಾಗ ಒರೆಸಿದರು. ಒಲೆಯ ಮೇಲೆ ಬೇರೆ ಪಾತ್ರೆ ಬಂತು, ಎಣ್ಣೆಯ ಬದಲು ತುಪ್ಪ ಬಂತು. ಸೌಟು, ತಾಟು, ಲೋಟ ಎಲ್ಲವನ್ನೂ ಮತ್ತೊಮ್ಮೆ ತಿಕ್ಕಿ ತೊಳೆದರು. ಎಳ್ಳು ತಿಂದರೆ ಏನೂ ಆಗುವುದಿಲ್ಲವಷ್ಟೆ ಎಂದು ನಾನು ಹುಡುಗಿಯನ್ನು ಕೇಳಿ ಖಾತ್ರಿ ಮಾಡಿಕೊಂಡ ಮೇಲೆ, ಒರಳು ತೊಳೆದು ಎಳ್ಳು ಬೆಲ್ಲ ಕುಟ್ಟಿ ಚಿಗಳಿ ಮಾಡಿದರು. ಕೈಗೆ ಹೊಡೆಸಿಕೊಂಡ ಪಕ್ಕದ ಮನೆಯವಳೇ ಕುಟ್ಟಿದ್ದು. ಇಂಥ ಕಾವಲು ನನ್ನ ಮನೆಯಲ್ಲೂ ಅವಳಿಗೆ ಸಿಕ್ಕಿರಲಿಲ್ಲ.

ಹುಡುಗಿ ಅನ್ನ, ತುಪ್ಪದ ಒಗ್ಗರಣೆಯ ಹೆಸರುಕಾಳು ಪಲ್ಯ, ಚಿಗಳಿ ಎಲ್ಲ ಉಂಡಳು. ನಾನು ಅವಳ ಮುಖವನ್ನೇ ನೋಡುತ್ತ ಕೂತೆ, ತುತ್ತು ಇಳಿಯಲಿಲ್ಲ. ಅವಳು ಉಂಡೆದ್ದು ಹೋದ ಸ್ವಲ್ಪ ಹೊತ್ತಿಗೆ ಹೊರಗಿನಿಂದ ಅವಳ ಚೀರಾಟ ಕೇಳಿಸಿತು. ಎಂಜಲ ಕೈಯಲ್ಲೇ ಅವಳ ಚೀಲದಿಂದ ಇಂಜೆಕ್ಷನ್ ತೆಗೆದು ಹಿಡಿದು ಓಡಿದೆ. ಬೇವಿನ ಮರದ ಜೋಕಾಲಿಯಲ್ಲಿ ಅವಳು ಮೇಲೆ ಮೇಲೆ ಹೋಗುತ್ತಿದ್ದಳು, ಕೆಳಗಿದ್ದವರು ‘ಇನ್ನೂ ಜೋರ, ಇನ್ನೂ ಜೋರ’ ಎಂದು ನೂಕುತ್ತಿದ್ದರು. ಒಳಗೆ ಬಂದು ಪಾತ್ರೆಯಲ್ಲಿ ಉಳಿದ ಪಲ್ಯವನ್ನೆಲ್ಲ ಬಳಿದು ತಿಂದೆ.

ಸಂಜೆ ಹೊರಡುವಾಗ ಅತ್ತೆ ಕೇಳಿದರು: ‘ಈ ಹರಕಿ ಯಾವಾಗ ತೀರ್ತೈತವ್ವ?’

ಒಂದು ಸುಳ್ಳಿಗೆ ಇನ್ನೊಂದು ಸುಳ್ಳು ಹೊಲಿಯಲು ಮನಸ್ಸಾಗಲಿಲ್ಲ. ಹುಡುಗಿಯನ್ನೇ ಇಂಗ್ಲಿಷಿನಲ್ಲಿ ಕೇಳಿದೆ. ಇದು ತೀರುವಂಥದ್ದಲ್ಲ ಅಂದಳು. ಚಿಕ್ಕವಳಿದ್ದಾಗ ಯಾರದೋ ಮನೆಯಲ್ಲಿ ಬಿಸ್ಕತ್ತು ತಿಂದು ತುಟಿ ಊದಿ ನೀಲಿಗಟ್ಟಿತ್ತಂತೆ. ಅಂದಿನಿಂದ ಮಗಳು ಹೊರಗೆ ಉಂಡಳೆಂದರೆ ತಾಯಿಗೆ ಜೀವದಲ್ಲಿ ಜೀವ ಇರುವುದಿಲ್ಲವಂತೆ. ಈ ದೇಶಕ್ಕೆ ಹೊರಟಾಗಲಂತೂ ಬಾಗಿಲಿಗೆ ಅಡ್ಡ ನಿಂತು ಅತ್ತಿದ್ದಳಂತೆ. ಇದ್ದದ್ದನ್ನು ಇದ್ದ ಹಾಗೆ ಕನ್ನಡದಲ್ಲಿ ಹೇಳಿದೆ. ಅತ್ತೆ ನನ್ನ ಸುಳ್ಳಿನ ತಂಟೆಗೇ ಬರಲಿಲ್ಲ.

‘ಆ ತಾಯಿಗೆ ಫೋನ್ ಹಚ್ಚು’ ಅಂದರು.

ಫೋನಿನಲ್ಲಿ ನನ್ನ ವಯಸ್ಸಿನ ಹೆಂಗಸೊಬ್ಬಳು ಕಾಣಿಸಿದಳು. ಅತ್ತೆ ಅದನ್ನು ಎರಡೂ ಕೈಯಲ್ಲಿ ಹಿಡಿದು, ಓಣಿಗೆಲ್ಲ ಕೇಳುವಂತೆ ಕೂಗಿದರು: ‘ನಿಮ್ಮ ಮಗಳು ಉಂಡಾಳ್ರಿ! ಹೊಟ್ಟಿ ತುಂಬ ಉಂಡಾಳ! ಭಾಳ ಆರಾಮ ಅದಾಳ, ಹೆದರಬ್ಯಾಡ್ರಿ!’

ಇಂಗ್ಲಿಷಿನಲ್ಲಿ ಹೇಳೋಣವೆಂದು ನಾನು ಬಾಯಿ ತೆರೆದೆ. ಆ ತಾಯಿ ಯಾರ ಮಾತನ್ನೂ ಕೇಳುತ್ತಿರಲಿಲ್ಲ. ಕಣ್ಣು ಕಿರಿದು ಮಾಡಿ ಮಗಳ ಮುಖ ಹುಡುಕುತ್ತಿದ್ದಳು. ಅತ್ತೆ ಹುಡುಗಿಯ ಗದ್ದ ಹಿಡಿದು ಫೋನಿನ ಹತ್ತಿರಕ್ಕೆ ತಿರುಗಿಸಿದರು.

‘ತುಟಿ ನೋಡಾಕತ್ತಾಳವ್ವ ಆಕಿ. ಛಂದಂಗ ತೋರ್ಸು.’

ಹುಡುಗಿ ಮುಖ ಮುಂದೆ ಮಾಡಿ ನಕ್ಕಳು. ಅಷ್ಟು ದೂರದಲ್ಲಿ ಆ ತಾಯಿ ಕುರ್ಚಿಗೆ ಒರಗಿ ಉಸಿರು ಬಿಟ್ಟದ್ದು ನಮ್ಮೆಲ್ಲರಿಗೂ ಕೇಳಿಸಿತು.